ಮುತ್ಯಾನ ಪೇಟಿ ಬಿಚ್ಚಿ ಕಟ್ಟಿದ್ದು

ಮೊದಲು ಪೇಟಿಯ ಸ್ಥಿತಿ ಹೇಳಿಬಿಡುತ್ತೇನೆ. 39 ಪಟ್ಟಿಯ, ಅಂದರೆ ಬೆರಳಿನಿಂದ ಒತ್ತುವ 39 ಕೀಗಳ ಕೈ ಹಾರ್ಮೋನಿಯಂ. ಡಬ್ಬಿ ಸಾಗವಾನಿ ಕಟ್ಟಿಗೆಯದು. ಎರಡು ಸಾಲು ರೀಡ್, ಅಂದರೆ ಒಂದೊಂದು ಪಟ್ಟಿಗೂ ಎರಡೆರಡು: ಒಂದು ನರ, ಇನ್ನೊಂದು ಅದಕ್ಕಿಂತ ಒಂದು ಸಪ್ತಕ ಕೆಳಗಿನ ಖರ್ಜ. ಒಟ್ಟು 78 ಹಿತ್ತಾಳೆ ನಾಲಿಗೆ. ಒಂದು ಪಟ್ಟಿ ಒತ್ತಿದರೆ ಇನ್ನೊಂದು ಸಪ್ತಕದ ಅದೇ ಪಟ್ಟಿಯನ್ನೂ ತಾನೇ ಒತ್ತುವ ಕಪ್ಲರ್ ಇಲ್ಲ. ತಿದಿ ಎಳೆದರೆ ಗಾಳಿ ನಾಲ್ಕೂ ಕಡೆಯಿಂದ ಸೋರುತ್ತಿತ್ತು. ಯಾವ ಪಟ್ಟಿ ಒತ್ತದಿದ್ದರೂ ಎರಡು ಸ್ವರ ತಾವಾಗಿಯೇ ಕೂಗುತ್ತಿದ್ದವು. ಕೆಲವು ಪಟ್ಟಿ ಒತ್ತಿದರೆ ಮೇಲೆ ಬರುತ್ತಿರಲಿಲ್ಲ. ಒಂದು ಖರ್ಜದ ನಾಲಿಗೆ ಮುರಿದಿತ್ತು. ಒಳಗೆ ಇಲಿ ಸಂಸಾರ ಹೂಡಿ, ಸಾಕಾಗಿ ಖಾಲಿ ಮಾಡಿಕೊಂಡು ಹೋಗಿತ್ತು.

ಇದು ನಮ್ಮ ಮುತ್ಯಾನದು, ಅಂದರೆ ಅಜ್ಜನದು. ಕಲಬುರಗಿಯ ಎಂ.ಎಸ್.ಕೆ. ಮಿಲ್‌ನಲ್ಲಿ ದುಡಿಮೆ, ಸೋಮವಾರ ರಾತ್ರಿ ಭಜನೆಯಲ್ಲಿ ಪೇಟಿ, ಶ್ರಾವಣದಲ್ಲಿ ತಿಂಗಳಿಡೀ ಪೇಟಿ. ಹೋಳಿ ಹುಣ್ಣಿಮೆಯಾಗಿ ಐದನೇ ದಿನಕ್ಕೆ ಶರಣಬಸವೇಶ್ವರರ ತೇರು. ಆಗಂತೂ ಮನೆಗೆ ಬರುತ್ತಲೇ ಇರಲಿಲ್ಲವಂತೆ. ಬಿಡುವಿದ್ದಾಗ ಬೇರೆ ಮಂಡಳಿಗಳ ಪೇಟಿ ರಿಪೇರಿ. ಅವನು ಹೋದ ಮೇಲೆ ಪೇಟಿ ಮಾಡಿನ ಕೆಳಗಿನ ಹಲಗೆ ಸೇರಿತ್ತು. ಮನೆಗೆ ಸುಣ್ಣ ಹೊಡೆಸುವಾಗ ಇಳಿಸಿದೆವು. ಕಾಕಾ ಒಬ್ಬರು "ಮೋಡಕಾದವಗ ಹಾಕು" ಅಂದರು, ಗುಜರಿಗೆ ಕೊಡು ಅಂತ. ನನಗೆ ಮನಸ್ಸಾಗಲಿಲ್ಲ. ನಾನು ಫ್ಯಾನು, ಮಿಕ್ಸರ್ ಬಿಚ್ಚಿ ಅಭ್ಯಾಸ ಇದ್ದವನು. ಪೇಟಿ ನುಡಿಸಲು ಬರುವುದು ಅಷ್ಟಕ್ಕಷ್ಟೇ.

ಬಿಚ್ಚುವ ಮೊದಲು

ಪೇಟಿಯ ಒಳಗೆ ನಡೆಯುವುದು ಇಷ್ಟು. ಹಿಂದಿನ ತಿದಿಯನ್ನು ಕೈಯಿಂದ ಆಡಿಸುತ್ತೇವೆ. ಅದು ಗಾಳಿಯನ್ನು ಒಳಗಿನ ದೊಡ್ಡ ತಿದಿಗೆ ತಳ್ಳುತ್ತದೆ. ಹೋದ ಗಾಳಿ ವಾಪಸ್ ಬರದಂತೆ ದಾರಿಯಲ್ಲಿ ಚರ್ಮದ ಮುಚ್ಚಳವಿರುತ್ತದೆ. ಒಳಗಿನ ತಿದಿಯನ್ನು ಸ್ಪ್ರಿಂಗ್ ಯಾವಾಗಲೂ ಒತ್ತುತ್ತಿರುತ್ತದೆ. ಅದಕ್ಕೇ ಕೈ ನಿಂತರೂ ಸ್ವರ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ. ಮುಂದಿನ ಗುಬಟಿ (ಗಾಳಿಯ ದಾರಿ ತೆರೆದು ಮುಚ್ಚುವ ಹಿಡಿ) ಎಳೆದಾಗ ಗಾಳಿ ರೀಡ್ ಹಲಗೆಯ ಕೆಳಗೆ ಬರುತ್ತದೆ. ಪಟ್ಟಿ ಒತ್ತಿದರೆ ಅದರ ಹಿಂಬದಿ ಎದ್ದು ಒಂದು ತೂತು ತೆರೆಯುತ್ತದೆ. ಗಾಳಿ ಹಿತ್ತಾಳೆ ನಾಲಿಗೆಯ ಸಂದಿನಿಂದ ನುಗ್ಗಿ ಹೊರಗೆ ಬರುತ್ತದೆ. ನಾಲಿಗೆ ನಡುಗುತ್ತದೆ. ಅದೇ ಸ್ವರ.

ಹಾಗಾಗಿ ರೋಗ ಎರಡೇ ಬಗೆ. ಗಾಳಿ ಹೋಗಬಾರದ ಕಡೆ ಹೋಗುವುದು, ಹೋಗಬೇಕಾದ ಕಡೆ ಹೋಗದಿರುವುದು. ಗಾಳಿ ಮೊದಲು, ಸ್ವರ ಆಮೇಲೆ. ಸೋರುವ ಪೇಟಿಯ ಶ್ರುತಿ ಕೂಡಿಸಲು ಕೂತರೆ ಆ ಕೆಲಸ ಮುಗಿಯುವುದೇ ಇಲ್ಲ.

ಮೇಲಿನ ಮುಚ್ಚಳ, ಜಾಲರಿ ತೆಗೆದೆ. ಪಟ್ಟಿಗಳನ್ನು ಒತ್ತಿ ಹಿಡಿದಿದ್ದ ಸ್ಪ್ರಿಂಗ್ ತಂತಿಗಳನ್ನು ಒಂದೊಂದಾಗಿ ಬಿಡಿಸಿದೆ. ಪ್ರತಿ ಪಟ್ಟಿಯನ್ನೂ ಕೈಯಲ್ಲಿ ಕೊಯ್ದು ಕೂರಿಸಿರುತ್ತಾರೆ. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ನಂಬರ್ ಹಾಕೋಣ ಅಂತ ಪೆನ್ಸಿಲ್ ಹಿಡಿದು ಮೊದಲ ಪಟ್ಟಿ ತಿರುವಿದರೆ, ಅಲ್ಲಿ ನಂಬರ್ ಆಗಲೇ ಇತ್ತು. ಉರ್ದು ಅಂಕಿಯಲ್ಲಿ! ಮುತ್ಯಾ ಓದಿದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. ಕನ್ನಡ ಅಕ್ಷರ ಆಮೇಲೆ ಭಜನೆ ಪುಸ್ತಕ ನೋಡಿ ಕಲಿತದ್ದು. ಲೆಕ್ಕ ಮಾತ್ರ ಕೊನೆಯವರೆಗೂ ಉರ್ದುವಿನಲ್ಲೇ ಮಾಡುತ್ತಿದ್ದ. ಏಳು ಅಂದರೆ ಚೂಪು ಕೆಳಗೆ, ಎಂಟು ಅಂದರೆ ಚೂಪು ಮೇಲೆ. ಅಷ್ಟು ನನಗೆ ಗೊತ್ತಿತ್ತು. ಎರಡಕ್ಕೂ ಆರಕ್ಕೂ ಮಾತ್ರ ಕಣ್ಣು ತಡವರಿಸುತ್ತದೆ. ದರ್ಗಾ ಕಡೆಯ ಗೆಳೆಯನಿಗೆ ಫೋಟೋ ಕಳಿಸಿ ಖಾತ್ರಿ ಮಾಡಿಕೊಂಡೆ.

ಡಬ್ಬಿಯ ಒಳಗೋಡೆಯ ಮೇಲೂ ಪೆನ್ಸಿಲಿನಲ್ಲಿ ಒಂದು ಸಂಖ್ಯೆ ಇತ್ತು: 1357. ಮಗ ಮೊಬೈಲ್ ತೆಗೆದು ನೋಡಿ, "ಬಹಮನಿ ರಾಜ್ಯ ಶುರುವಾಗಿದ್ದೇ 1347ರಲ್ಲಿ. ಇದು ಸುಲ್ತಾನರ ಪೇಟಿ ಏನು?" ಅಂದ. ಅದು ಫಸಲಿ ಇಸವಿ. ಹೈದರಾಬಾದ್ ಸಂಸ್ಥಾನದ ಕಚೇರಿ, ಕಾಗದ ಎಲ್ಲಾ ಅದರಲ್ಲೇ ನಡೆಯುತ್ತಿತ್ತು. 590 ಕೂಡಿಸಿದರೆ ನಮ್ಮ ಲೆಕ್ಕ ಬರುತ್ತದೆ: 1947–48. ಮುತ್ಯಾನಿಗೆ ಆಗ ಇಪ್ಪತ್ತರ ಆಸುಪಾಸು. ಒಡೆದು ಹೋದ ಒಂದು ನಾಟಕ ಕಂಪನಿಯಿಂದ ಪೇಟಿ ಕೊಂಡಿದ್ದ ಅನ್ನುವುದು ಮನೆಯ ಮಾತು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17ಕ್ಕೆ. ಅದಕ್ಕೂ ಮೊದಲು ರಜಾಕಾರರ ಗದ್ದಲದಲ್ಲಿ ರಾತ್ರಿ ಭಜನೆ ನಿಂತಿತ್ತು ಅಂತ ಆಯಿ ಹೇಳುತ್ತಿದ್ದಳು. ಹೊರಗೆ ಹೋಗುವ ಹಾಗಿಲ್ಲದ ಆ ರಾತ್ರಿಗಳಲ್ಲೇ ಮುತ್ಯಾ ಇದನ್ನು ಮೊದಲ ಸಲ ಬಿಚ್ಚಿರಬೇಕು ಅಂತ ನನ್ನ ಊಹೆ.

ತಿದಿ

ಇಲ್ಲಿಂದ ಕೆಲಸ ನಿಧಾನವಾಯಿತು. ಹಿಂದಿನ ತಿದಿ ಬಿಚ್ಚಿ, ಕೋಣೆ ಕತ್ತಲು ಮಾಡಿ, ಒಳಗೆ ಮೊಬೈಲ್ ಟಾರ್ಚ್ ಇಟ್ಟು ನೋಡಿದೆ. ಸೋರುವ ತೂತುಗಳೆಲ್ಲಾ ಬೆಳಕಿನ ಚುಕ್ಕಿಯಾಗಿ ಕಂಡವು. ಮಡಿಕೆಯ ಮೂಲೆಗಳಲ್ಲೇ ಜಾಸ್ತಿ. ತಿದಿ ಅಂದರೆ ರಟ್ಟಿನ ಹಲಗೆಗಳು, ಅವುಗಳನ್ನು ಜೋಡಿಸುವ ಬಟ್ಟೆ ಪಟ್ಟಿ, ಮೂಲೆಗೆ ತೆಳು ಚರ್ಮ. ರಟ್ಟು ಗಟ್ಟಿಯಾಗಿತ್ತು. ಬಟ್ಟೆಯೂ ಪರವಾಗಿಲ್ಲ. ಮೂಲೆಯ ಚರ್ಮ ಒಣಗಿ, ಬೆರಳಿಗೆ ಪುಡಿಯಾಗಿ ಬರುತ್ತಿತ್ತು. ಕಲಬುರಗಿಯ ಬೇಸಿಗೆ 42–43 ಡಿಗ್ರಿ ಮುಟ್ಟುತ್ತದೆ. ಮಾಡಿನ ಕೆಳಗೆ ಇನ್ನೂ ಎರಡು ಜಾಸ್ತಿ. ಚರ್ಮವಾದರೂ ಎಷ್ಟು ತಡೆದೀತು?

ಆದರೆ ಒಂದು ವಿಷಯ ಗಮನಕ್ಕೆ ಬಂತು. ಚರ್ಮ ಪುಡಿಯಾಗಿದ್ದರೂ ಜೋಡಣೆ ಎಲ್ಲೂ ಬಿಟ್ಟಿರಲಿಲ್ಲ. ಒಂದು ತುಂಡು ಇನ್ನೊಂದರ ಮೇಲೆ ಬರುವ ಕಡೆ ದಪ್ಪವೇ ಇಲ್ಲ. ಕಣ್ಣು ಮುಚ್ಚಿ ಬೆರಳು ಆಡಿಸಿದರೆ ಒಂದೇ ಚರ್ಮ ಅನ್ನಬೇಕು. ಎರಡೂ ಅಂಚನ್ನು ಉದ್ದನೆಯ ಓರೆಯಲ್ಲಿ ಕೆತ್ತಿ, ಒಂದರ ಮೇಲೊಂದು ಮಲಗಿಸಿ ಅಂಟಿಸಿದ ಕೆಲಸ. ಪೇಟಿ ರಿಪೇರಿಯವರು ಸಾಮಾನ್ಯವಾಗಿ ಇಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ತುಂಡು ಕತ್ತರಿಸಿ, ಮೇಲೆ ಅಂಟಿಸಿ, ಕೈ ತೊಳೆಯುತ್ತಾರೆ. ತಪ್ಪೇನಲ್ಲ, ಗಾಳಿ ನಿಂತರಾಯಿತು.

ಇದು ಮಿಲ್‌ನಿಂದ ಬಂದ ಕೈ. ಅಪ್ಪನನ್ನು ಕೇಳಿದಾಗ ಪೂರ್ತಿ ಗೊತ್ತಾಯಿತು.

ಎಂ.ಎಸ್.ಕೆ. ಅಂದರೆ ಮೆಹಬೂಬ್ ಶಾಹಿ ಕಲಬುರ್ಗಿ. ಆರನೇ ನಿಜಾಮ ಮೆಹಬೂಬ್ ಅಲಿ ಖಾನರ ಹೆಸರು ಹೊತ್ತ ಮಿಲ್. ನಷ್ಟದಲ್ಲಿದ್ದ ಬಟ್ಟೆ ಮಿಲ್‌ಗಳನ್ನು 1974ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಕರಣ ಮಾಡಿತಲ್ಲ, ಅದರಲ್ಲಿ ಇದೂ ಸೇರಿತ್ತು. ಈಗ ಮಿಲ್ ಇಲ್ಲ. ಆಟೋದವರ ಬಾಯಲ್ಲಿ, ಬಡಾವಣೆಯ ವಿಳಾಸದಲ್ಲಿ ಹೆಸರು ಉಳಿದಿದೆ. ಮುತ್ಯಾ ಮಿಲ್‌ನಲ್ಲಿದ್ದ ಅಂದರೆ ಮಗ್ಗ ನಡೆಸುತ್ತಿದ್ದ ಅಂತಲೇ ನಾನು ಅಂದುಕೊಂಡಿದ್ದೆ. ಅವನು ಇದ್ದದ್ದು ರೋಲರ್ ಖಾತೆಯಲ್ಲಿ.

ನೂಲುವ ಯಂತ್ರದಲ್ಲಿ ಹತ್ತಿಯ ಎಳೆ ಜೋಡಿ ರೋಲರ್‌ಗಳ ನಡುವೆ ಹಾದು ಹಾದು ತೆಳ್ಳಗಾಗುತ್ತದೆ. ಕೆಳಗಿನ ರೋಲರ್ ಗೀರು ಹೊಡೆದ ಉಕ್ಕು. ಮೇಲಿನದು ಮೆತ್ತಗಿರಬೇಕು, ಇಲ್ಲದಿದ್ದರೆ ಎಳೆ ಜಾರುತ್ತದೆ, ಇಲ್ಲವೇ ಜಜ್ಜಿ ಹೋಗುತ್ತದೆ. ಆಗೆಲ್ಲಾ ಮೇಲಿನ ರೋಲರ್‌ಗೆ ಮೊದಲು ಉಣ್ಣೆಯ ಬನಾತು ಸುತ್ತಿ, ಅದರ ಮೇಲೆ ಹದ ಮಾಡಿದ ಕುರಿ ಚರ್ಮದ ಕೊಳವೆ ಏರಿಸುತ್ತಿದ್ದರು. ಕೊಳವೆ ಮಾಡುವುದು ಹೀಗೆ: ಚರ್ಮವನ್ನು ಅಳತೆಗೆ ಕೊಯ್ಯಬೇಕು. ಎರಡೂ ಅಂಚನ್ನು ಓರೆಯಾಗಿ ಕೆತ್ತಬೇಕು. ಅಂಟು ಹಾಕಿ ಒತ್ತಬೇಕು. ಜೋಡಣೆಯಲ್ಲಿ ಕೂದಲೆಳೆಯಷ್ಟು ದಪ್ಪ ಉಳಿದರೂ ರೋಲರ್‌ನ ಪ್ರತಿ ಸುತ್ತಿಗೂ ನೂಲಿನಲ್ಲಿ ಒಂದು ಗಂಟು-ತೆಳುವು ಮೂಡುತ್ತದೆ. ರೋಲರ್ ತಿರುಗುವ ದಿಕ್ಕಿಗೆ ತಕ್ಕಂತೆ ಓರೆಯ ಮುಖವೂ ಇರಬೇಕು. ಉಲ್ಟಾ ಆದರೆ ಅಂಚು ಏಳುತ್ತದೆ. ದಿನವಿಡೀ ಮುತ್ಯಾ ಮಾಡಿದ್ದು ಇದನ್ನೇ.

ಆಮೇಲೆ ಸಿಂಥೆಟಿಕ್ ರಬ್ಬರಿನ ಕೊಳವೆ ಬಂದವು. ಅಂಟು ಬೇಡ, ಜೋಡಣೆ ಬೇಡ, ಸವೆದರೆ ಸಾಣೆ ಹಿಡಿದು ಮತ್ತೆ ಹಾಕಬಹುದು. ಚರ್ಮದ ಕೆಲಸ ನಿಂತಿತು. ಮುತ್ಯಾನನ್ನು ಯಂತ್ರಗಳಿಗೆ ಎಣ್ಣೆ ಬಿಡುವ ಕೆಲಸಕ್ಕೆ ಹಾಕಿದರು. ಪಗಾರ ಕಡಿಮೆಯಾಗಲಿಲ್ಲ, ಆದರೆ ಮಾತು ಕಡಿಮೆಯಾಯಿತು ಅಂತ ಅಪ್ಪ ಹೇಳಿದ. ಊರೂರಿನ ಪೇಟಿಗಳು ನಮ್ಮ ಮನೆಗೆ ಬರತೊಡಗಿದ್ದು ಅದೇ ಹೊತ್ತಿಗಂತೆ. ಜೇವರ್ಗಿ, ಆಳಂದ, ಅಫಜಲಪುರ ಕಡೆಯಿಂದ ಬಸ್ಸಿನ ಮೇಲೆ ಹೇರಿಕೊಂಡು ಬರುತ್ತಿದ್ದರು. ದುಡ್ಡು ಕೇಳುತ್ತಿರಲಿಲ್ಲ. ಜೋಳ, ತೊಗರಿ ಕೊಟ್ಟರೆ ಬೇಡ ಅನ್ನುತ್ತಲೂ ಇರಲಿಲ್ಲ.

ಇಷ್ಟು ಕೇಳಿದ ಮೇಲೆ ಮೂಲೆಗೆ ರೆಕ್ಸಿನ್ ಅಂಟಿಸಿ ಮುಗಿಸಲು ನನ್ನ ಕೈ ಬರಲಿಲ್ಲ. ತಬಲಾ, ಡೋಲಕ್ ರಿಪೇರಿಯವರ ಹತ್ತಿರ ತೆಳು ಕುರಿ ಚರ್ಮ ಸಿಕ್ಕಿತು. ಕೊಳ್ಳುವಾಗ ಬೆಳಕಿಗೆ ಹಿಡಿದು ನೋಡಿ. ಬೆನ್ನಿನ ಭಾಗ ಒಂದೇ ಸಮ ಇರುತ್ತದೆ, ಹೊಟ್ಟೆಯ ಭಾಗ ಹಿಗ್ಗುತ್ತದೆ. ತಿದಿಗೆ ಬೆನ್ನಿನದೇ ಬೇಕು. ಅಂಚು ಕೆತ್ತಲು ಚಪ್ಪಲಿ ಹೊಲಿಯುವವರ ರಂಪಿ. ಮುತ್ಯಾನ ರಂಪಿ ಕೊಟ್ಟಿಗೆಯ ಡಬ್ಬಿಯಲ್ಲಿ ಸಿಕ್ಕಿತು, ತುಕ್ಕು ತಿಕ್ಕಿ ಸಾಣೆ ಹಿಡಿದೆ. ಕೆಳಗೆ ಇಡಲು ನುಣ್ಣಗೆ ಪಾಲಿಶ್ ಮಾಡಿದ ಶಹಾಬಾದ್ ಪರ್ಸಿಯ ತುಂಡು. ನಮ್ಮ ಕಡೆ ನೆಲಕ್ಕೂ ಅದೇ, ಕಟ್ಟೆಗೂ ಅದೇ, ಚರ್ಮಕ್ಕೂ ಅದೇ. ಮರದ ಹಲಗೆಯ ಮೇಲೆ ಕೆತ್ತಿದರೆ ಅಲಗು ಕಟ್ಟಿಗೆಯಲ್ಲಿ ಹೂತು ಚರ್ಮ ಹರಿಯುತ್ತದೆ. ಕಲ್ಲಿನ ಮೇಲೆ ಅಲಗು ಜಾರುತ್ತಾ ಹೋಗುತ್ತದೆ. ರಂಪಿಯನ್ನು ಹೆಚ್ಚುಕಡಿಮೆ ಮಲಗಿಸಿ, ನಮ್ಮಿಂದ ಆಚೆಗೆ ತಳ್ಳಬೇಕು. ಒತ್ತಡ ಅಂಚಿನ ಕಡೆಗೆ ಹೋದಂತೆ ಜಾಸ್ತಿ. ಅಂಚು ಕೊನೆಗೆ ಕಾಗದಕ್ಕಿಂತ ತೆಳ್ಳಗಾಗಿ, ಬೆಳಕು ಕಾಣುವಂತಾದರೆ ಹದ ಬಂತು ಅಂತ.

ಅಂಟು ಸರೇಸು. ಪ್ರಾಣಿಗಳ ತೊಗಲು, ಮೂಳೆಯಿಂದ ತೆಗೆಯುವ ಹಳೆಯ ಅಂಟು. ಹರಳನ್ನು ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು. ಕುದಿಸಬಾರದು. 60 ಡಿಗ್ರಿ ಆಸುಪಾಸು ಸಾಕು, ಕುದಿಸಿದರೆ ಶಕ್ತಿ ಹೋಗುತ್ತದೆ. ವಾಸನೆ ಬಗ್ಗೆ ಮನೆಯವರು ಏನೇನು ಅಂದರು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಫೆವಿಕಾಲ್ ಯಾಕೆ ಬೇಡ ಅಂದರೆ, ಮುಂದೆ ಯಾರಾದರೂ ಬಿಚ್ಚಬೇಕಾದರೆ ಅದು ಚರ್ಮದ ಜೊತೆ ರಟ್ಟನ್ನೂ ಕಿತ್ತುಕೊಂಡು ಬರುತ್ತದೆ. ಸರೇಸಿಗೆ ಬಿಸಿನೀರಿನ ಬಟ್ಟೆ ಒತ್ತಿದರೆ ತಾನೇ ಬಿಡುತ್ತದೆ. ಮುತ್ಯಾ ಹಾಕಿದ ಹಳೆ ಚರ್ಮವನ್ನು ನಾನು ತೆಗೆದದ್ದೂ ಹಾಗೆಯೇ, ರಟ್ಟಿಗೆ ಒಂದು ಗೀರು ಬೀಳಲಿಲ್ಲ. ನಮ್ಮ ಸೆಕೆಯಲ್ಲಿ ಸರೇಸು ಬೇಗ ಗಟ್ಟಿಯಾಗುವುದಿಲ್ಲ. ಮೂಲೆ ಸರಿಯಾಗಿ ಕೂರಿಸಲು ಪುರಸೊತ್ತು ಸಿಗುತ್ತದೆ. ಮಳೆಗಾಲದಲ್ಲಿ ಮಾತ್ರ ಈ ಕೆಲಸ ಹಿಡಿಯಬೇಡಿ, ಒಣಗುವುದಿಲ್ಲ.

ಒಳಗಿನ ತಿದಿಯ ಚರ್ಮ ಚೆನ್ನಾಗಿತ್ತು. ಗಾಳಿ ವಾಪಸ್ ಬರದಂತೆ ತಡೆಯುವ ಮುಚ್ಚಳಗಳು ಒಣಗಿ ಸುರುಳಿಯಾಗಿದ್ದವು. ಹೊಸ ಚರ್ಮ ಹಾಕಿದೆ. ಇವನ್ನು ಬಿಗಿಯಾಗಿ ಎಳೆದು ಕೂರಿಸಬಾರದು. ಸ್ವಲ್ಪ ಸಡಿಲ ಇದ್ದರೇ ಬೇಗ ತೆರೆದು ಬೇಗ ಮುಚ್ಚುತ್ತವೆ. ಸ್ಪ್ರಿಂಗ್‌ಗೆ ಕೈ ಹಚ್ಚಲಿಲ್ಲ. ಎಲ್ಲಾ ಒಣಗಿದ ಮೇಲೆ ಗುಬಟಿಗಳನ್ನೆಲ್ಲಾ ಒಳಗೆ ತಳ್ಳಿ, ಒಳತಿದಿ ತುಂಬಿಸಿ, ಜೋಡಣೆಗಳ ಹತ್ತಿರ ಊದುಬತ್ತಿ ಹಿಡಿದೆ. ಹೊಗೆ ನೆಟ್ಟಗೆ ಮೇಲೆ ಹೋಯಿತು. ಎಲ್ಲೂ ಅಲುಗಲಿಲ್ಲ.

ಪಟ್ಟಿಯ ಮೆತ್ತೆ

ಪಟ್ಟಿಯ ಹಿಂಬದಿಯಲ್ಲಿ ತೂತು ಮುಚ್ಚುವ ಒಂದು ಮೆತ್ತೆ ಇರುತ್ತದೆ. ತಾವಾಗಿಯೇ ಕೂಗುತ್ತಿದ್ದ ಎರಡು ಸ್ವರಗಳಿಗೆ ಕಾರಣ ಇದೇ, ಇಲಿ ತಿಂದಿತ್ತು. ಉಳಿದ ಮೆತ್ತೆಗಳನ್ನು ಬಿಡಿಸಿ ನೋಡಿದರೆ ಕೆಳಗೆ ಬನಾತು, ಮೇಲೆ ಕುರಿ ಚರ್ಮ. ರೋಲರ್‌ಗೆ ಹಾಕುತ್ತಿದ್ದ ಅದೇ ಎರಡು ಪದರ, ಅದೇ ಕ್ರಮ. ಎಲ್ಲಾ ಪೇಟಿಯಲ್ಲೂ ಮೆತ್ತೆ ಹೀಗೇ ಇರುತ್ತದೆ ಅನ್ನಿ. ಆದರೆ ಈ ಬನಾತು ಪೇಟಿ ಅಂಗಡಿಯದಲ್ಲ. ದಪ್ಪ, ಒತ್ತಾದ ನೇಯ್ಗೆ. ಇಷ್ಟು ವರ್ಷ ಒತ್ತಿಸಿಕೊಂಡರೂ ಚಪ್ಪಟೆಯಾಗಿಲ್ಲ. ಅಪ್ಪ ಮುಟ್ಟಿ ನೋಡಿ ನಕ್ಕ. "ಖಾತೆದಾಗ ಉಳಿದ ಚೂರು ಇದು. ಗೇಟಿನಾಗ ತಪಾಸ ಮಾಡೋರು ಚರ್ಮ ಹುಡುಕ್ತಿದ್ರು, ಬನಾತಿಗಿ ಯಾರೂ ಕೇಳ್ತಿದ್ದಿಲ್ಲ" ಅಂದ.

ಇಲಿ ತಿಂದ ಎರಡಕ್ಕೆ ಹೊಸದು ಹಾಕಿದೆ. ಉಳಿದವನ್ನು ಬ್ರಷ್‌ನಿಂದ ಗುಡಿಸಿ ಹಾಗೇ ಬಿಟ್ಟೆ. ಚರ್ಮದ ಮೇಲೆ ಅಚ್ಚಾಗಿ ಮೂಡಿದ ತೂತಿನ ಗುರುತು ಇರುತ್ತದೆ, ಅದೇ ಜಾಗಕ್ಕೆ ಕೂರಬೇಕು. ಒಂದು ಕೂದಲು ಆಚೀಚೆ ಆದರೂ ಸೋರುತ್ತದೆ. ಮೇಲೆ ಬಾರದ ಪಟ್ಟಿಗಳ ಕಾರಣ ಬೇರೆ. ಪಕ್ಕದ ಕಟ್ಟಿಗೆ ಉಬ್ಬಿ ತಿಕ್ಕುತ್ತಿತ್ತು. ಪಾಲಿಶ್ ಪೇಪರ್‌ನಿಂದ ಎರಡು ಸಲ ಉಜ್ಜಿ, ಪೆನ್ಸಿಲ್ ಸೀಸದ ಪುಡಿ ಸವರಿದರೆ ಸಾಕಾಯಿತು. ಪೇಟಿಯೊಳಗೆ ಎಲ್ಲೂ ಎಣ್ಣೆ ಬಿಡಬೇಡಿ. ಧೂಳು ಹಿಡಿಯುತ್ತದೆ, ಚರ್ಮ ಉಬ್ಬುತ್ತದೆ.

ರೀಡ್

ರೀಡ್ ಹಲಗೆ ಹೊರಗೆ ತೆಗೆದು ತಿರುವಿದರೆ 78 ಹಿತ್ತಾಳೆ ತುಂಡುಗಳು ಸಾಲಾಗಿ ಮಲಗಿದ್ದವು, ಎಲ್ಲಕ್ಕೂ ಹಸಿರು ಕಿಲುಬು. ಸ್ಕ್ರೂಗಳು ಕಬ್ಬಿಣದವು, ತುಕ್ಕು ಹಿಡಿದು ಕೂತಿದ್ದವು. ಬಲ ಹಾಕಿದರೆ ತಲೆ ಮುರಿಯುತ್ತದೆ. ಸೋಲ್ಡರಿಂಗ್ ಕಡ್ಡಿಯ ತುದಿಯನ್ನು ಸ್ಕ್ರೂ ತಲೆಗೆ ಅರ್ಧ ನಿಮಿಷ ಒತ್ತಿ ಹಿಡಿದು, ತಣ್ಣಗಾದ ಮೇಲೆ ತಿರುವಿದರೆ ಸಲೀಸಾಗಿ ಬರುತ್ತದೆ. ಕಾದು ಹಿಗ್ಗಿದ ಸ್ಕ್ರೂ ತುಕ್ಕಿನ ಹಿಡಿತ ಬಿಡಿಸಿಕೊಳ್ಳುತ್ತದೆ. ಎಲ್ಲವನ್ನೂ ಬಿಚ್ಚುವ ಅಗತ್ಯ ಬೀಳಲಿಲ್ಲ. ಕಿಲುಬನ್ನು ಒಣ ಬ್ರಷ್‌ನಿಂದ ತೆಗೆದೆ. ಹುಣಸೆಹಣ್ಣು ಹಾಕಿ ತಿಕ್ಕು ಅಂತ ಮನೆಯಲ್ಲಿ ಸಲಹೆ ಬಂತು. ಹಾಗೆ ಮಾಡಿದರೆ ಹಿತ್ತಾಳೆ ಸವೆದು ಸ್ವರ ಬದಲಾಗುತ್ತದೆ. ಪೂಜೆ ಪಾತ್ರೆಗೆ ಸರಿ, ರೀಡ್‌ಗೆ ಬೇಡ.

ಮಾತಾಡದ ರೀಡ್‌ಗಳಲ್ಲಿ ಹೆಚ್ಚಿನವಕ್ಕೆ ನಾಲಿಗೆಯ ಸಂದಿನಲ್ಲಿ ಕಸ ಸಿಕ್ಕಿತ್ತು ಅಷ್ಟೇ. ತೆಳು ಕಾಗದ ತೂರಿಸಿ ಎಳೆದರೆ ಹೋಯಿತು. ನಾಲಿಗೆಯ ತುದಿ ಚೌಕಟ್ಟಿಗಿಂತ ಒಂದಿಷ್ಟೇ ಮೇಲೆ ಎದ್ದಿರಬೇಕು. ಪೂರ್ತಿ ಮಲಗಿದ್ದರೆ ಗಾಳಿ ಅದನ್ನು ಒತ್ತಿಬಿಡುತ್ತದೆ, ಸ್ವರ ಹುಟ್ಟುವುದಿಲ್ಲ. ಜಾಸ್ತಿ ಎದ್ದಿದ್ದರೆ ಗಾಳಿ ತಿನ್ನುತ್ತದೆ, ತಡವಾಗಿ ಕೂಗುತ್ತದೆ. ಮುರಿದ ಖರ್ಜದ ರೀಡ್‌ಗೆ ಬದಲಿ ಸೊಲ್ಲಾಪುರದಲ್ಲಿ ಸಿಕ್ಕಿತು, ಹಳೆ ಪೇಟಿಯೊಂದರದು. ಹೊಸ ರೀಡ್ ಬೇಕಾದವರಿಗೆ ಗುಜರಾತಿನ ಪಾಲಿಟಾಣದವು ಈಗಲೂ ಬರುತ್ತವೆ. ಹಳೆಯದರ ಪಕ್ಕ ಹೊಸದು ಕೂರಿಸಿದರೆ ದನಿಯ ಬಣ್ಣ ಬೇರೆ ಕೇಳುತ್ತದೆ ಅಂತ ನಾನು ಹಳೆಯದನ್ನೇ ಹುಡುಕಿದೆ.

ಶ್ರುತಿ: ಇಲ್ಲಿ ಜಗಳ

ರೀಡ್‌ನ ಸ್ವರ ಏರಿಸಬೇಕಾದರೆ ನಾಲಿಗೆಯ ತುದಿಯನ್ನು ಅರದಿಂದ ಕೆರೆಯಬೇಕು. ತುದಿ ಹಗುರಾದರೆ ಬೇಗ ನಡುಗುತ್ತದೆ. ಇಳಿಸಬೇಕಾದರೆ ಬುಡದ ಕಡೆ ಕೆರೆಯಬೇಕು. ಬುಡ ತೆಳುವಾದರೆ ಬಿಗಿ ಕಡಿಮೆಯಾಗುತ್ತದೆ. ಕೆರೆಯುವಾಗ ನಾಲಿಗೆಯ ಕೆಳಗೆ ತೆಳು ಉಕ್ಕಿನ ಹಾಳೆ ತೂರಿಸಿಕೊಳ್ಳಿ. ಎರಡು ಗೀರು, ಆಮೇಲೆ ಕೇಳಿ ನೋಡಿ. ಕೆರೆದಾಗ ಹಿತ್ತಾಳೆ ಬಿಸಿಯಾಗುತ್ತದೆ, ತಣ್ಣಗಾಗಲು ಬಿಡಿ. ಗಾಳಿಯ ಒತ್ತಡವೂ ಒಂದೇ ಸಮ ಇರಲಿ, ಜೋರಾಗಿ ಊದಿದರೆ ಸ್ವರ ತುಸು ಇಳಿಯುತ್ತದೆ.

ಕೆರೆಯುವ ಮೊದಲು ಮೊಬೈಲಿನ ಟ್ಯೂನರ್ ಹಚ್ಚಿ 39 ಪಟ್ಟಿಯನ್ನೂ ಅಳೆದು ಬರೆದಿಟ್ಟುಕೊಂಡೆ. ಒಂದು ಪಟ್ಟಿಯಿಂದ ಮುಂದಿನ ಪಟ್ಟಿಗೆ ಇರುವ ದೂರವನ್ನು ಟ್ಯೂನರ್ 100 ಸೆಂಟ್ ಅಂತ ಭಾಗ ಮಾಡುತ್ತದೆ. ಇಷ್ಟು ಹಳೆಯ ಪೇಟಿಯಲ್ಲಿ ಸ್ವರಗಳು ಹೇಗೆ ಬೇಕೋ ಹಾಗೆ ಚದುರಿರುತ್ತವೆ ಅಂದುಕೊಂಡಿದ್ದೆ. ಚದುರಿದ್ದವು ನಿಜ, ಆದರೆ ಮೂರು ಪಟ್ಟಿ ಮಾತ್ರ ಎಲ್ಲಾ ಸಪ್ತಕದಲ್ಲೂ ಒಂದೇ ಕಡೆಗೆ ವಾಲಿದ್ದವು. ಬಿಳಿ ಐದು, ಬಿಳಿ ಒಂದು, ಬಿಳಿ ಎರಡು. (ಒಂದು ಸಪ್ತಕದ ಬಿಳಿ ಪಟ್ಟಿ, ಕರಿ ಪಟ್ಟಿಗಳನ್ನು ಎಡದಿಂದ ಬೇರೆ ಬೇರೆಯಾಗಿ ಎಣಿಸುವ ಲೆಕ್ಕ ಇದು.) ಮೂರೂ ಟ್ಯೂನರ್ ಹೇಳುವುದಕ್ಕಿಂತ 12ರಿಂದ 16 ಸೆಂಟ್ ಕೆಳಗೆ. ನರದಲ್ಲೂ ಹಾಗೇ, ಖರ್ಜದಲ್ಲೂ ಹಾಗೇ. ಹಲಗೆ ತಿರುವಿ ನೋಡಿದರೆ ಆ ರೀಡ್‌ಗಳ ಬುಡದಲ್ಲಿ ಮಾತ್ರ ಅರದ ಗೀರು. ವಯಸ್ಸಿಗೆ ಇಳಿದದ್ದಲ್ಲ, ಕೈಯಿಂದ ಇಳಿಸಿದ್ದು.

ಮುತ್ಯಾನ ಜೊತೆ ತಾಳ ಹಾಕುತ್ತಿದ್ದ ಹಿರಿಯರೊಬ್ಬರು ಬ್ರಹ್ಮಪುರದಲ್ಲಿ ಇದ್ದಾರೆ. ಅವರನ್ನು ಹೋಗಿ ಕೇಳಿದೆ. "ಕರಿ ಎರಡು ಬಿಟ್ಟು ಬ್ಯಾರೆ ಪಟ್ಟಿದಾಗ ಹಾಡ್ಲಾಕ ಬಿಡ್ತಿದ್ದಿಲ್ಲ ನೋಡು ನಿಮ್ಮ ಮುತ್ಯಾ" ಅಂದರು. "ಧ್ವನಿ ಹತ್ತಲಿಲ್ಲಂದ್ರ ತಾಳ ಹಿಡಕೊಂಡು ಕೂಡು ಅಂತಿದ್ದ. ನಾ ಹಂಗೇ ತಾಳಕ್ಕ ಬಂದಾಂವ."

ಲೆಕ್ಕ ಕೂಡಿತು. ಕರಿ ಎರಡನ್ನು ಸ ಅಂತ ಹಿಡಿದರೆ ಬಿಳಿ ಐದು ಗ, ಬಿಳಿ ಒಂದು ಧ, ಬಿಳಿ ಎರಡು ನಿ. ಮೂರೂ ಶುದ್ಧ ಸ್ವರ. ಟ್ಯೂನರ್ ಒಂದು ಸಪ್ತಕವನ್ನು 12 ಸಮಪಾಲು ಮಾಡುತ್ತದೆ. ಕಿವಿ ಹಾಗೆ ಪಾಲು ಮಾಡುವುದಿಲ್ಲ. ತಂಬೂರಿ ಜೊತೆ ಹಾಡುವವನ ಗಂಟಲು ಸ ಮತ್ತು ಗ ನಡುವೆ 4ಕ್ಕೆ 5ರ ಲೆಕ್ಕ ಹುಡುಕುತ್ತದೆ. ಕರಿ ಎರಡು ಸುಮಾರು 311 ಹರ್ಟ್ಸ್, ಅಂದರೆ ನಾಲಿಗೆ ಸೆಕೆಂಡಿಗೆ ಅಷ್ಟು ಸಲ ನಡುಗುತ್ತದೆ. ಅದಕ್ಕೆ ಕೂಡುವ ಗ 389ರ ಹತ್ತಿರ ಬರುತ್ತದೆ. ಟ್ಯೂನರ್ ಕೇಳುವುದು 392. ಆ ಮೂರು ಹರ್ಟ್ಸ್ ಸಣ್ಣದು ಅನ್ನಿಸುತ್ತದೆ. ಆದರೆ ಎರಡೂ ಪಟ್ಟಿ ಒಟ್ಟಿಗೆ ಒತ್ತಿ ಹಿಡಿದರೆ 392ರಲ್ಲಿ ಸೆಕೆಂಡಿಗೆ ಸುಮಾರು 12 ಸಲ ದನಿ ಗರಗರ ಅನ್ನುತ್ತದೆ. 389ಕ್ಕೆ ಇಳಿಸಿದರೆ ಗರಗರ ನಿಂತು ಎರಡೂ ಒಂದರೊಳಗೊಂದು ಕೂಡಿ ಹೋಗುತ್ತವೆ. ಧ 16 ಸೆಂಟ್, ಗ 14, ನಿ 12. ಮುತ್ಯಾ ಈ ಅಂಕಿ ಕೇಳಿಯೇ ಇರಲಿಕ್ಕಿಲ್ಲ. ಗರಗರ ನಿಲ್ಲುವವರೆಗೆ ಕೆರೆದಿದ್ದಾನೆ, ಅಷ್ಟೇ.

ಹಾರ್ಮೋನಿಯಂ ಮೇಲೆ ದೊಡ್ಡವರ ದೂರು ಇದೇ ಆಗಿತ್ತಲ್ಲ. ಇದು 19ನೇ ಶತಮಾನದಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಕಾಲು ತಿದಿಯ ವಾದ್ಯ. ನೆಲದ ಮೇಲೆ ಕೂತು ನುಡಿಸುವ ಕೈಪೇಟಿಯಾದದ್ದು ಕಲ್ಕತ್ತೆಯಲ್ಲಿ. ಸ್ವರ ಮೊದಲೇ ಕೂಡಿಸಿಟ್ಟದ್ದು, ಗಮಕ ಬಾರದು, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬಾರದು, ನಮ್ಮ ಶ್ರುತಿಗೆ ಹೊಂದದು ಅಂತ 1940ರಲ್ಲಿ ಆಕಾಶವಾಣಿ ಇದನ್ನು ನಿಷೇಧಿಸಿತು. ನಿಷೇಧ ಸಡಿಲವಾದದ್ದು 1971ರಲ್ಲಿ. ಆ ಮೂವತ್ತು ವರ್ಷವೂ ನಮ್ಮ ಕಡೆ ಭಜನೆ, ತತ್ವಪದ, ದೊಡ್ಡಾಟ ಎಲ್ಲಾ ಪೇಟಿಯ ಮೇಲೇ ನಡೆದವು. ಗಮಕದ ಮಾತು ಬಿಡಿ, ಅದಕ್ಕೆ ಯಾರೂ ಏನೂ ಮಾಡಲಾಗದು. ಶ್ರುತಿಯ ದೂರಿಗೆ ಮಾತ್ರ ಅರ ಹಿಡಿದವರು ಉತ್ತರ ಕಂಡುಕೊಂಡಿದ್ದರು.

ಜಗಳ ಯಾಕೆ ಅಂದರೆ, ಹೀಗೆ ಕೂಡಿಸಿದ ಪೇಟಿ ಒಂದೇ ಶ್ರುತಿಗೆ ಚೆಂದ. ಬಿಳಿ ಒಂದನ್ನು ಸ ಮಾಡಿ ಹಾಡಿದರೆ ಅಡಿಪಾಯವೇ 16 ಸೆಂಟ್ ಕೆಳಗೆ ಇರುತ್ತದೆ. ಮಗ ಶಾಲೆಯಲ್ಲಿ ಕೀಬೋರ್ಡ್ ಕಲಿಯುತ್ತಾನೆ, ಅವನ ಹಾಡೆಲ್ಲಾ ಬಿಳಿ ಒಂದರಿಂದಲೇ. ಅವನಿಗೆ ಪೇಟಿ ಬೇಸೂರು. ಪರಿಚಯದ ರಿಪೇರಿಯವರೂ "ಟ್ಯೂನರ್ ಹೇಳ್ದಂಗ ಎಲ್ಲಾ ಸಮ ಮಾಡ್ರಿ, ನಾಳಿ ಮಾರ್ಲಿಕ್ಕಾದ್ರೂ ಬರ್ತದ" ಅಂದರು. ಅವರ ಮಾತಿನಲ್ಲಿ ನ್ಯಾಯವಿದೆ. ಎಲ್ಲರೂ ಎಲ್ಲಾ ಪಟ್ಟಿಯಲ್ಲೂ ಹಾಡುವ ಕಾಲ ಇದು.

ನಾನು ಕರಿ ಎರಡಕ್ಕೇ ಕೂಡಿಸಿದೆ. ಸಮ ಮಾಡಿದ ಪೇಟಿ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಇದು ಸಿಗುವುದಿಲ್ಲ. ಮೊದಲು ಕರಿ ಎರಡನ್ನು ಟ್ಯೂನರ್‌ಗೆ ಹಿಡಿದು ಸರಿ ಮಾಡಿದೆ. ಆಮೇಲೆ ಟ್ಯೂನರ್ ಮುಚ್ಚಿಟ್ಟು ಪ, ಮ, ಗ, ಧ, ನಿ, ರಿ ಹೀಗೆ ಒಂದೊಂದನ್ನೂ ಗರಗರ ಕೇಳುತ್ತಾ ಕೂಡಿಸಿದೆ. ನರದ ಸಾಲು ಮುಗಿದ ಮೇಲೆ ಖರ್ಜವನ್ನು ಅದರ ಜೊತೆ ಇಟ್ಟು ಅಲೆ ನಿಲ್ಲುವವರೆಗೆ ತಿದ್ದಿದೆ. ಮುತ್ಯಾ ಇಳಿಸಿದ ರೀಡ್‌ಗಳಿಗೆ ಅರ ಹಚ್ಚುವ ಅಗತ್ಯವೇ ಹೆಚ್ಚಾಗಿ ಬೀಳಲಿಲ್ಲ. ಚದುರಿದ್ದು ಅವನು ಮುಟ್ಟದೆ ಬಿಟ್ಟ ಕೋಮಲ ಸ್ವರಗಳು. ಅವುಗಳಲ್ಲಿ ನನ್ನ ಕಿವಿಗೆ ಇನ್ನೂ ಪೂರ್ತಿ ನಂಬಿಕೆಯಿಲ್ಲ.

ಈಗ

ಒಳತಿದಿ ಒಮ್ಮೆ ತುಂಬಿಸಿ ಒಂದೇ ಪಟ್ಟಿ ಒತ್ತಿದರೆ ನಿಧಾನವಾಗಿ ಹದಿನೈದು ಎಣಿಸುವವರೆಗೆ ಸ್ವರ ನಿಲ್ಲುತ್ತದೆ. ಸೊಲ್ಲಾಪುರದಿಂದ ತಂದ ಖರ್ಜ ಇನ್ನೂ ಸ್ವಲ್ಪ ತಡವಾಗಿ ಮಾತಾಡುತ್ತದೆ, ನಾಲಿಗೆ ಇನ್ನೊಂದಿಷ್ಟು ಬಗ್ಗಿಸಬೇಕು. ಹೊಸ ಚರ್ಮ ಕೂತು ಪಳಗಲು ಒಂದು ಮಳೆಗಾಲ ಬೇಕು. ಅದಾದ ಮೇಲೆ ಶ್ರುತಿ ಇನ್ನೊಮ್ಮೆ ನೋಡಬೇಕಾಗುತ್ತದೆ. ತಾಳದ ಹಿರಿಯರು ಬಂದು ಕೇಳಿ, ಬಿಳಿ ಐದರ ಮೇಲೆ ಬೆರಳಿಟ್ಟು, "ಇದು ಹಂಗೇ ಅದ" ಅಂದರು. ಮಗನಿಗೆ ಕರಿ ಎರಡರಿಂದ ಹಾಡು ಎತ್ತುವುದು ಹೇಳಿಕೊಟ್ಟೆ. ಕರಿ ಪಟ್ಟಿ ಜಾಸ್ತಿ ಬರುತ್ತವೆ ಅಂತ ಅವನ ತಕರಾರು.

ಸುದ್ದಿ ಹೇಗೆ ಹೋಯಿತೋ, ಆಳಂದ ಕಡೆಯ ಒಂದು ಭಜನಾ ಮಂಡಳಿಯವರು ತಮ್ಮ ಪೇಟಿ ತಂದು ಕಟ್ಟೆಯ ಮೇಲೆ ಇಟ್ಟು ಹೋಗಿದ್ದಾರೆ. ಅದರ ತಿದಿ ಪೂರ್ತಿ ರೆಕ್ಸಿನ್, ಮೂಲೆಗಳೆಲ್ಲಾ ಸೀಳಿವೆ. ರೆಕ್ಸಿನ್ ಕಿತ್ತು ಚರ್ಮ ಹಾಕಬೇಕೋ, ಸುಮ್ನೆ ಮೇಲೊಂದು ತೇಪೆ ಹಚ್ಚಿ ಶ್ರಾವಣಕ್ಕೆ ವಾಪಸ್ ಕೊಡಬೇಕೋ, ಇನ್ನೂ ತೀರ್ಮಾನವಾಗಿಲ್ಲ.